ಕಲಬುರಗಿಯಲ್ಲಿ ಮಾಡಿಸಿದ ಸ್ಟ್ರೋಕ್ ಚೆಕಪ್ ಪ್ಯಾಕೇಜ್: ದುಡ್ಡು ಕಟ್ಟೋ ಮುಂಚೆ ಓದಿ

ಸೂಪರ್ ಮಾರ್ಕೆಟ್ ಕಡೆಯ ಒಂದು ಲ್ಯಾಬ್‌ನಲ್ಲಿ ಅಪ್ಪನಿಗೆ ಸ್ಟ್ರೋಕ್ (ಲಕ್ವಾ) ಚೆಕಪ್ ಮಾಡಿಸಿದೆವು. ಲ್ಯಾಬ್ ಹೆಸರು ಬರೆಯಲ್ಲ, ಇಂಥ ಪ್ಯಾಕೇಜ್ ಈಗ ಎಲ್ಲ ಕಡೆ ಸಿಗುತ್ತದೆ. ಶುಗರ್, ಕೊಲೆಸ್ಟ್ರಾಲ್, ಇಸಿಜಿ, ಕುತ್ತಿಗೆಯ ಡಾಪ್ಲರ್ (ಅಲ್ಲಿನ ರಕ್ತನಾಳದ ಸ್ಕ್ಯಾನ್), ಕೊನೆಗೆ ಡಾಕ್ಟರ್ ಜೊತೆ ಮಾತು. ನನ್ನ ಲೆಕ್ಕದಲ್ಲಿ ಇವರು ದುಬಾರಿ ಟೆಸ್ಟ್ ಚೆನ್ನಾಗಿ ಮಾಡುತ್ತಾರೆ, ಪುಕ್ಕಟೆ ಕೆಲಸದಲ್ಲಿ ಎಡವುತ್ತಾರೆ.

ಪುಕ್ಕಟೆ ಕೆಲಸ ಅಂದ್ರೆ ಬಿಪಿ ನೋಡೋದು. ಅಪ್ಪ ಬಿಸಿಲಲ್ಲಿ ಬಂದು, ಮೆಟ್ಟಿಲು ಹತ್ತಿ, ಇನ್ನೂ ಏದುಸಿರು ಬಿಡುತ್ತಿದ್ದರು. ಅಷ್ಟರಲ್ಲೇ ಹುಡುಗ, 'ಕಾಕಾ, ಜಲ್ದಿ ಕೈ ಕೊಡ್ರಿ, ಮಂದಿ ಭಾಳ ಅದಾರ' ಅಂತ ಅಂಗಿಯ ತುಂಬು ತೋಳಿನ ಮೇಲೇ ಪಟ್ಟಿ ಸುತ್ತಿದ. ಮಷಿನ್ ಓಡುವಾಗಲೇ ಊರು ಯಾವುದು, ಮಕ್ಕಳೆಷ್ಟು ಅಂತ ಮಾತು ಬೇರೆ. 168/94 ಬಂತು. ನಾನು ಹಟ ಹಿಡಿದು ಅಪ್ಪನನ್ನು ಬೆನ್ನು ಆನಿಸಿ ಐದು ನಿಮಿಷ ಸುಮ್ನೆ ಕೂರಿಸಿ, ಅಂಗಿಯ ತೋಳು ಮೇಲೆ ಸರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ ಮತ್ತೆ ನೋಡಿಸಿದರೆ 146/86. ರಿಪೋರ್ಟಲ್ಲಿ ಮಾತ್ರ ಮೊದಲಿನದೇ ಪ್ರಿಂಟ್ ಆಗಿತ್ತು! ಸ್ಟ್ರೋಕಿನ ದೊಡ್ಡ ಕಾರಣವೇ ಬಿಪಿ ಆಗಿರುವಾಗ ಅದನ್ನೇ ಹೀಗೆ ನೋಡಿದರೆ ಉಳಿದ ಹತ್ತು ಪುಟ ಯಾಕೆ ಅಲ್ವಾ?

ಇನ್ನೊಂದು, ಫಾರ್ಮಿನಲ್ಲಿ 'ಧೂಮಪಾನ: ಹೌದು/ಇಲ್ಲ' ಅಷ್ಟೇ. ಅಪ್ಪ ಬೀಡಿ ಸೇದಲ್ಲ, 'ಇಲ್ಲ' ಅಂತ ಟಿಕ್ ಆಯಿತು. ಜೇಬಿನಲ್ಲಿ ಗುಟ್ಕಾ ಚೀಟಿ ಹಾಗೇ ಇತ್ತು. ನಮ್ಮ ಕಡೆ ಸೇದುವವರಷ್ಟೇ ಜಗಿಯುವವರೂ ಕಾಣುತ್ತಾರೆ, ಜಗಿಯುವ ತಂಬಾಕೂ ಅಪಾಯವೇ, ಅದನ್ನು ಕೇಳದ ಫಾರ್ಮ್ ಯಾವ ಊರಿನವರಿಗೆ ಮಾಡಿದ್ದೋ.

ಡಾಕ್ಟರ್ ಮಾತ್ರ ಬಂಗಾರ. ಅವಸರ ಇಲ್ಲದೆ ಚಿತ್ರ ಬರೆದು ತಿಳಿಸಿದರು. ಸ್ಟ್ರೋಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಜಾಸ್ತಿ ಜನರಿಗೆ ಆಗೋದು ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವಂಥದ್ದು, ಅಲ್ಲಿಗೆ ರಕ್ತವೇ ಹೋಗಲ್ಲ. ಇನ್ನೊಂದು ನಾಳ ಒಡೆದು ಒಳಗೇ ರಕ್ತ ಸೋರೋದು. ಬಿಪಿ ಎರಡಕ್ಕೂ ದಾರಿ ಮಾಡುತ್ತದೆ. ಶುಗರ್, ಕೊಲೆಸ್ಟ್ರಾಲ್ ಇದ್ದರೆ ನಾಳದ ಒಳಗೆ ಕೊಬ್ಬು ಕೂತು ದಾರಿ ಸಣ್ಣದಾಗುತ್ತದೆ. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಹೃದಯದಲ್ಲೇ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಮೆದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಹಾಗಾಗಿ ಇಸಿಜಿ ಬೇಕೇ ಬೇಕು. ಆದರೆ ಆ ತೊಂದರೆ ಕೆಲವರಿಗೆ ಬಂದು ಹೋಗಿ ಮಾಡುತ್ತದೆ, ಒಂದು ಇಸಿಜಿ ನಾರ್ಮಲ್ ಬಂತು ಅಂತ ಮುಗೀತು ಅನ್ನೋ ಹಾಗಿಲ್ಲ.

ನಾನು ಕೇಳಿದೆ, 'ಲಕ್ವಾ ಹೊಡೆದ ಕೂಡಲೇ ಒಂದು ಆಸ್ಪಿರಿನ್ ಕೊಡಬಹುದೇನ್ರಿ?' ಬೇಡವೇ ಬೇಡ ಅಂದರು. ಕಟ್ಟಿದೆಯೋ ಒಡೆದಿದೆಯೋ ಸಿಟಿ ಸ್ಕ್ಯಾನ್ ಮಾಡದೆ ಗೊತ್ತಾಗಲ್ಲ, ಒಡೆದಿದ್ದರೆ ಆ ಮಾತ್ರೆ ಸೋರುವುದನ್ನು ಹೆಚ್ಚಿಸಬಹುದು. ಕಟ್ಟಿದ್ದರೆ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಚಿಂಚೋಳಿ, ಅಫಜಲಪುರದಂಥ ದೂರದ ತಾಲ್ಲೂಕಿನವರು ಎಣ್ಣೆ ತಿಕ್ಕುತ್ತಾ ಬೆಳಗಾಗಲಿ ಅಂತ ಕೂತರೆ ಆ ಹೊತ್ತು ಮನೆಯಲ್ಲೇ ಕಳೆದುಹೋಗುತ್ತದೆ. ಬಾಯಿ ವಾರೆ ಆಗಿ, ಒಂದು ಕೈ ಸೋತು, ಮಾತು ತೊದಲಿ, ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕಂತೆ, ಅದು ದೊಡ್ಡ ಸ್ಟ್ರೋಕಿನ ಮುನ್ಸೂಚನೆ ಆಗಿರಬಹುದು.

ಡಾಪ್ಲರ್ ವಿಷಯದಲ್ಲಿ ನನಗೆ ಸಮಾಧಾನ ಇಲ್ಲ. ಯಾವ ಲಕ್ಷಣವೂ ಇಲ್ಲದವರಿಗೆಲ್ಲ ಸುಮ್ನೆ ಕುತ್ತಿಗೆ ಸ್ಕ್ಯಾನ್ ಬೇಕಿಲ್ಲ, ಆದರೆ ಪ್ಯಾಕೇಜಿನ ರೇಟು ಏರಿಸೋದು ಅದೇ. ಬೇಡ ಅಂದರೆ ರೇಟು ಇಳಿಸಲ್ಲ.

ಡಯಟ್ ಚಾರ್ಟ್ ನೋಡಿ ನಗು ಬಂತು. ಜೋಳದ ರೊಟ್ಟಿ ತಿನ್ನೋ ಮನೆಗೆ ಓಟ್ಸ್, ಬ್ರೌನ್ ರೈಸ್! ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಬೀಳೋ ಉಪ್ಪಿನ ಬಗ್ಗೆ ಒಂದಕ್ಷರ ಇಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದ್ರೆ ಒಂದು ಸಣ್ಣ ಚಮಚದಷ್ಟು ಉಪ್ಪು ಅಂತ ಡಾಕ್ಟರೇ ಬಾಯಲ್ಲಿ ಹೇಳಿದ್ದು.

ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಡಾಕ್ಟರಿಗೆ. ಮನೆಯಲ್ಲಿ ಬಿಪಿ, ಶುಗರ್ ಇದ್ದವರಿದ್ದರೆ ಪ್ಯಾಕೇಜ್ ಬಿಟ್ಟು ಇಸಿಜಿ, ಶುಗರ್, ಕೊಲೆಸ್ಟ್ರಾಲ್ ಬಿಡಿಬಿಡಿಯಾಗಿ ಮಾಡಿಸಿ, ಉಳಿದ ದುಡ್ಡಿಗೆ ತೋಳಿಗೆ ಕಟ್ಟುವ ಬಿಪಿ ಮಷಿನ್ ತಗೊಳ್ಳಿ. ಇಂಥ ಪ್ಯಾಕೇಜಿಗೇ ಹೋಗುವುದಾದರೆ ಡಾಕ್ಟರ್ ಇರುವ ಹೊತ್ತು ಮೊದಲೇ ಫೋನ್ ಮಾಡಿ ಕೇಳಿ. ನಾವು ಹೋದ ಕಡೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಲಿಫ್ಟೂ ಇಲ್ಲ.