11 ಅಡಿಯ ಹ್ಯಾಮಕ್‌ನಲ್ಲಿ ರಾತ್ರಿ ನಿದ್ದೆ: ಕೆಲವು ವರ್ಷ ಬಳಸಿದ ಮೇಲಿನ ಅನಿಸಿಕೆ

ಮಧ್ಯಾಹ್ನ ಊಟ ಮಾಡಿ ಹ್ಯಾಮಕ್‌ನಲ್ಲಿ, ಅಂದರೆ ಎರಡು ಮರಗಳ ನಡುವೆ ತೂಗುಹಾಕುವ ಬಟ್ಟೆಯ ಹಾಸಿಗೆಯಲ್ಲಿ, ಅರ್ಧ ಗಂಟೆ ಒರಗೋದು ಬೇರೆ. ರಾತ್ರಿಯಿಡೀ ಅದರಲ್ಲೇ ಮಲಗಿ, ಬೆಳಗ್ಗೆ ಬೆನ್ನು ನೋವಿಲ್ಲದೆ ಏಳೋದು ಬೇರೆ. ಮೊದಲನೆಯದಕ್ಕೆ ಯಾವ ಹ್ಯಾಮಕ್ ಆದರೂ ನಡೆಯುತ್ತದೆ. ಎರಡನೆಯದಕ್ಕೆ ಉದ್ದ ಬೇಕು. ನನ್ನ ಹತ್ತಿರ ಇರುವುದು ಪ್ಯಾರಾಚೂಟ್ ನೈಲಾನ್ ಬಟ್ಟೆಯ, ಎರಡು ಪದರದ, ಸೊಳ್ಳೆ ಪರದೆ ಇರುವ 11 ಅಡಿಯದು. ಸಕಲೇಶಪುರ, ಮಡಿಕೇರಿ ಕಡೆ ಕ್ಯಾಂಪ್ ಮಾಡಲು ಬಿಡುವ ಎಸ್ಟೇಟ್‌ಗಳಿಗೆ ಹೋದಾಗಲೆಲ್ಲ ಇದನ್ನೇ ಕಟ್ಟುತ್ತೇನೆ. ಟೆಂಟ್ ಅಟ್ಟ ಸೇರಿದೆ.

ಅಂಗಡಿಗಳಲ್ಲಿ 9 ಅಡಿಯವೂ ಸಿಗುತ್ತವೆ. ಐದೂವರೆ ಅಡಿ ಎತ್ತರದವರಿಗೆ ಅಷ್ಟು ಧಾರಾಳ ಅನ್ನಿಸುತ್ತದೆ, ಅಲ್ವಾ? ಸಾಲುವುದಿಲ್ಲ. ಎರಡು ತುದಿ ಮುದುರಿ ಕಟ್ಟಿದ ಬಟ್ಟೆಯಲ್ಲಿ ನೇರಕ್ಕೆ ಮಲಗಿದರೆ ಮೈ ಕುಡುಗೋಲಿನ ಹಾಗೆ ಬಾಗುತ್ತದೆ. ಎರಡೂ ಕಡೆಯಿಂದ ಬಟ್ಟೆ ಭುಜವನ್ನು ಅಮುಕುತ್ತದೆ. ಮಂಡಿ ಹಿಂದಕ್ಕೆ ಸೆಟೆದು ನೋಯುತ್ತದೆ. ಇದರಲ್ಲಿ ಮಲಗಬೇಕಾದ್ದು ಓರೆಯಾಗಿ. ಮೊದಲು ಅಡ್ಡಲಾಗಿ ಕೂತು, ಆಮೇಲೆ ತಲೆಯನ್ನು ಒಂದು ಪಕ್ಕಕ್ಕೆ, ಕಾಲನ್ನು ಅದರ ಎದುರು ಪಕ್ಕಕ್ಕೆ ಸರಿಸಿ. ಆಗ ಬಟ್ಟೆ ಅಗಲವಾಗಿ ಹರಡಿ ಬೆನ್ನಿನ ಕೆಳಗೆ ಹೆಚ್ಚುಕಡಿಮೆ ಸಮನಾಗುತ್ತದೆ. ಸೊಂಟ ಸಡಿಲಾಗಿದ್ದು ತಕ್ಷಣ ಗೊತ್ತಾಗುತ್ತದೆ. ಮಗ್ಗುಲಾಗಿಯೂ ಮಲಗಬಹುದು. ಹೀಗೆ ಓರೆಯಾಗಲು ಜಾಗ ಬೇಕಲ್ಲ, ಅದಕ್ಕೇ 11 ಅಡಿ.

ಓರೆಯಾಗಿ ಮಲಗಿದರೂ ಮೀನಖಂಡದ ಕೆಳಗೆ ಬಟ್ಟೆ ಬಿಗಿದು ಏಣಿನ ಹಾಗೆ ಒತ್ತುವುದುಂಟು. ತುಂಬಾ ಜನ ಹ್ಯಾಮಕ್ ಬೇಡವೇ ಬೇಡ ಅನ್ನುವುದು ಇದರಿಂದಲೇ. ಪರಿಹಾರ ಸುಲಭ. ಕಾಲಿನ ಕಡೆಯ ತುದಿಯನ್ನು ತಲೆಯ ಕಡೆಗಿಂತ ಒಂದು ಗೇಣು ಎತ್ತರಕ್ಕೆ ಕಟ್ಟಿ. ಮೈ ಕಾಲಿನ ಕಡೆಗೆ ಜಾರುವುದು ನಿಲ್ಲುತ್ತದೆ. ಮಂಡಿಯ ಕೆಳಗೆ ಒಂದು ಶರ್ಟ್ ಮಡಚಿ ಇಟ್ಟುಕೊಂಡರೆ ಇನ್ನೂ ಹಿತ. ತಲೆಗೆ ದಪ್ಪ ದಿಂಬು ಬೇಡ, ಬಟ್ಟೆಯೇ ತಲೆಯನ್ನು ಎತ್ತಿ ಹಿಡಿಯುತ್ತದೆ.

ಇನ್ನು ಬಿಗಿ. ಹಾಸಿಗೆ ಥರ ಚಪ್ಪಟೆಯಾಗಲಿ ಅಂತ ಜಗ್ಗಿ ಕಟ್ಟಿದರೆ ಪಕ್ಕದ ಅಂಚು ಎದ್ದು ಮೈ ಸುತ್ತಿಕೊಳ್ಳುತ್ತದೆ, ಮಗ್ಗುಲು ಬದಲಿಸಿದರೆ ವಾಲುತ್ತದೆ. ಇಳಿಬಿಟ್ಟು ಕಟ್ಟಬೇಕು. ಮರದಿಂದ ಬರುವ ಪಟ್ಟಿ ಸುಮಾರು 30 ಡಿಗ್ರಿ ಇಳಿಜಾರಿನಲ್ಲಿರಲಿ. 70 ಕೆಜಿ ತೂಕದವರು ಮಲಗಿದರೆ ಆಗ ಒಂದೊಂದು ಪಟ್ಟಿಯ ಮೇಲೆ ಬೀಳುವ ಎಳೆತ ಸುಮಾರು 70 ಕೆಜಿ. ಅದೇ 10 ಡಿಗ್ರಿಗೆ ಬಿಗಿದರೆ ಎಳೆತ 200 ಕೆಜಿ ಮುಟ್ಟುತ್ತದೆ. ಹೊಲಿಗೆ, ಕ್ಯಾರಬೀನರ್ (ಪಟ್ಟಿಗೆ ಸಿಕ್ಕಿಸುವ ಲೋಹದ ಕೊಂಡಿ), ಮರ ಎಲ್ಲದಕ್ಕೂ ಸುಮ್ನೆ ಭಾರ. 13–14 ಅಡಿ ದೂರದ ಎರಡು ಮರಗಳಿಗೆ ಐದೂವರೆ ಅಡಿ ಎತ್ತರದಲ್ಲಿ ಪಟ್ಟಿ ಸುತ್ತಿದರೆ, ಕೂತಾಗ ಕುರ್ಚಿಯ ಎತ್ತರಕ್ಕೆ ಬರುತ್ತದೆ. ಹ್ಯಾಮಕ್‌ನ ಎರಡೂ ತುದಿಯ ನಡುವೆ ಸುಮಾರು 110 ಇಂಚಿನ ಒಂದು ದಾರವನ್ನು ಕಾಯಂ ಆಗಿ ಕಟ್ಟಿಬಿಡಿ. ಮರಗಳ ದೂರ ಸ್ವಲ್ಪ ಆಚೀಚೆಯಾದರೂ ಹ್ಯಾಮಕ್‌ನ ಇಳಿತ ಪ್ರತಿ ಸಲ ಒಂದೇ ಥರ ಇರುತ್ತದೆ. ರಾತ್ರಿ ಟಾರ್ಚ್ ನೇತುಹಾಕುವುದಕ್ಕೂ ಆಯಿತು.

ಪೊಟ್ಟಣದ ಜೊತೆ ಬಂದ ತೆಳು ಹಗ್ಗ ನನಗೆ ಇಷ್ಟವಾಗಲಿಲ್ಲ. ಅದು ಮರದ ತೊಗಟೆಯನ್ನು ಕೊರೆಯುತ್ತದೆ. ಒಂದು ಇಂಚಿಗಿಂತ ಅಗಲದ ಪಾಲಿಯೆಸ್ಟರ್ ಪಟ್ಟಿ ಬೇರೆಯಾಗಿ ತಗೊಳ್ಳಿ. ನೈಲಾನ್ ಪಟ್ಟಿ ಬೇಡ. ಅದು ಹಿಗ್ಗುತ್ತದೆ, ಮಧ್ಯರಾತ್ರಿ ಹೊತ್ತಿಗೆ ನೀವು ನೆಲಕ್ಕೆ ಹತ್ತಿರವಾಗಿರುತ್ತೀರಿ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ನೇರ ಕಾಂಡದ ಮರ, ನೋಡಿದ ಕೂಡಲೇ ಕಟ್ಟೋಣ ಅನ್ನಿಸುತ್ತದೆ. ಆದರೆ ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದರೆ ದಯವಿಟ್ಟು ಮುಟ್ಟಬೇಡಿ. ಪಟ್ಟಿ ಬಿಗಿದರೆ ಬಳ್ಳಿಯ ದಂಟು ಜಜ್ಜಿಹೋಗುತ್ತದೆ, ಅದು ತೋಟದವರ ದುಡಿಮೆ. ಯಾವ ಮರಕ್ಕೆ ಕಟ್ಟಲಿ ಅಂತ ಅವರನ್ನೇ ಕೇಳಿ, ಖುಷಿಯಿಂದ ತೋರಿಸುತ್ತಾರೆ. ತೆಳ್ಳಗಿನ ಅಡಿಕೆ ಮರ ಬೇಡ. ಒಣ ಕೊಂಬೆ, ತೆಂಗಿನಕಾಯಿ ಇರುವುದರ ಕೆಳಗೂ ಬೇಡ. ಮಲೆನಾಡಿನಲ್ಲಿ ಇನ್ನೊಂದು ನೋಡಬೇಕು: ಎಲೆಗಳನ್ನು ಸೇರಿಸಿ ಹೊಲಿದ ಚಗಳಿ ಇರುವೆಯ ಗೂಡು. ಪಟ್ಟಿಯೇ ಅವಕ್ಕೆ ದಾರಿಯಾಗಿಬಿಡುತ್ತದೆ.

ಚಳಿ ಬರುವುದು ಕೆಳಗಿನಿಂದ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಆದರೆ ನಿದ್ದೆ ಕೆಡಿಸುವುದು ಮುಖ್ಯವಾಗಿ ಇದೇ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪಗಿದ್ದರೂ ಮೈಯ ಕೆಳಗೆ ಅದುಮಿ ತೆಳ್ಳಗಾಗುತ್ತದೆ, ಒಳಗೆ ಗಾಳಿ ನಿಲ್ಲುವುದಿಲ್ಲ. ಹೊರಗಡೆ ತಣ್ಣನೆ ಗಾಳಿ ಬಟ್ಟೆಗೆ ತಾಗುತ್ತಲೇ ಇರುತ್ತದೆ. 20 ಡಿಗ್ರಿ ಆಸುಪಾಸಿಗೇ ಬೆನ್ನು, ಸೊಂಟ ತಣ್ಣಗಾಗಲು ಶುರು. ಡಿಸೆಂಬರ್‌ನಲ್ಲಿ ಕೊಡಗಿನ ಕಡೆ ಹೊರಟವರು ಬೆನ್ನಿಗೆ ಏನಾದರೂ ಇಲ್ಲದೆ ಹೋಗಲೇಬೇಡಿ. ಫೋಮ್ ಮ್ಯಾಟ್ ಸಾಕು. ಒಂದೇ ಪದರದ ಹ್ಯಾಮಕ್‌ನಲ್ಲಿ ಮ್ಯಾಟ್ ಜಾರಿ ಹೋಗುತ್ತದೆ. ಎರಡು ಪದರದ್ದಾದರೆ ನಡುವೆ ತೂರಿಸಿಬಿಡಬಹುದು, ಬೆಳಗಿನವರೆಗೆ ಅಲ್ಲಾಡುವುದಿಲ್ಲ. ಹ್ಯಾಮಕ್‌ನ ಹೊರಗೆ ಕೆಳಗಡೆ ತೂಗುಹಾಕುವ ಅಂಡರ್‌ಕ್ವಿಲ್ಟ್ ಎಂಬ ರಜಾಯಿ ಇನ್ನೂ ಒಳ್ಳೆಯದು. ಮೈಭಾರ ಅದರ ಮೇಲೆ ಬೀಳದ ಕಾರಣ ಅದು ಅದುಮಿ ತೆಳ್ಳಗಾಗುವುದಿಲ್ಲ. ಬೆಲೆ ಮಾತ್ರ ಜಾಸ್ತಿ.

ಮಳೆಗೆ 10x10 ಅಡಿಯ ಟಾರ್ಪ್ (ಟಾರ್ಪಾಲು) ಮೇಲೆ ಕಟ್ಟುತ್ತೇನೆ. ಟಾರ್ಪ್ ಸರಿಯಿದ್ದರೂ ಮರದಿಂದ ಇಳಿಯುವ ನೀರು ಪಟ್ಟಿಯ ಗುಂಟ ಹರಿದು ನೇರ ಹ್ಯಾಮಕ್ ಒಳಗೆ ಬರುತ್ತದೆ. ಟಾರ್ಪ್ ಒಳಗೆ ಬರುವ ಜಾಗದಲ್ಲಿ ಪಟ್ಟಿಗೆ ಒಂದು ಗೇಣು ಹತ್ತಿ ದಾರ ಕಟ್ಟಿ ಇಳಿಬಿಡಿ. ನೀರು ಆ ದಾರ ಹಿಡಿದು ಕೆಳಗೆ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ಟೆಂಟಿನವರು ಒದ್ದೆ ನೆಲ, ಇಂಬಳ (ಜಿಗಣೆ) ಅಂತ ಪರದಾಡುವಾಗ ನೆಲದಿಂದ ಮೇಲಿರುವುದರ ಸುಖ ನಿಜವಾಗಿ ಗೊತ್ತಾಗುತ್ತದೆ. ಹತ್ತುವ ಮೊದಲು ಕಾಲು ನೋಡಿಕೊಂಡರೆ ಆಯಿತು. ಶೂ ಮಾತ್ರ ನೆಲದಲ್ಲಿ ಬಿಡಬೇಡಿ, ಹ್ಯಾಮಕ್‌ನ ತುದಿಗಳ ನಡುವಿನ ದಾರಕ್ಕೆ ನೇತುಹಾಕಿ.

ಬಟ್ಟೆ ಇನ್ನೂ ಗಟ್ಟಿಯಾಗಿದೆ. ಬಿಸಿಲಿನಲ್ಲಿ ದಿನಗಟ್ಟಲೆ ಬಿಟ್ಟರೆ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ನೆರಳಲ್ಲೇ ಒಣಗಿಸುತ್ತೇನೆ. ಪರದೆಯ ಜಿಪ್ ಸಿಕ್ಕಿಕೊಳ್ಳುತ್ತಿತ್ತು, ಮೇಣದಬತ್ತಿ ಉಜ್ಜಿದ ಮೇಲೆ ಸರಾಗ.

ಬೋರಲು ಮಲಗುವ ಅಭ್ಯಾಸದವರಿಗೆ ಇದು ಆಗಿಬರುವುದಿಲ್ಲ. ಮರವಿಲ್ಲದ ಬೋಳು ಗುಡ್ಡಗಳಿಗೂ ಪ್ರಯೋಜನವಿಲ್ಲ. ಅರಣ್ಯ ಇಲಾಖೆಯ ಕಾಡಿನಲ್ಲಿ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ, ಆದ್ದರಿಂದ ತೋಟ, ಹೋಂಸ್ಟೇ ಅಥವಾ ಇಲಾಖೆ ಒಪ್ಪಿದ ಜಾಗ ನೋಡಿಕೊಳ್ಳಿ. ಕೈಯಲ್ಲಿರುವ ದುಡ್ಡು ಲೆಕ್ಕದ್ದೇ ಆದರೆ ಹ್ಯಾಮಕ್ ಸಾಧಾರಣದ್ದಿರಲಿ, ಆದರೆ 11 ಅಡಿ ಇರಲಿ. ಮಿಕ್ಕ ದುಡ್ಡನ್ನು ಪಟ್ಟಿಗೂ ಬೆನ್ನಿನ ಮ್ಯಾಟಿಗೂ ಹಾಕಿ.