ಬೋರ್ಡಿಲ್ಲದ ಬೈಂಡಿಂಗ್ ಅಂಗಡಿ, ಅವ್ವನ ಸತ್ಯವೇದ

ದಾವಣಗೆರೆ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಒಂದು ಬೈಂಡಿಂಗ್ ಅಂಗಡಿ ಇದೆ. ಬೋರ್ಡ್ ಇಲ್ಲ. ಮದುವೆ ಕಾರ್ಡ್ ಪ್ರೆಸ್ಸಿನ ಪಕ್ಕದ ಮೆಟ್ಟಿಲು ಹತ್ತಿದರೆ ಗೋಂದಿನ ವಾಸನೆ ಬರುತ್ತದೆ, ಅದೇ ಗುರುತು. ವಯಸ್ಸಾದ ಸಾಹೇಬರೊಬ್ಬರು ನಡೆಸುತ್ತಾರೆ. ಜಾಸ್ತಿ ಬರೋದು ಅಂಗಡಿಗಳ ಲೆಕ್ಕದ ಪುಸ್ತಕ, ಕಾಲೇಜು ಮಕ್ಕಳ ಪ್ರಾಜೆಕ್ಟ್. ನಾನು ಹೋಗಿದ್ದು ನಮ್ಮವ್ವನ ಸತ್ಯವೇದ, ಅಂದರೆ ಬೈಬಲ್, ಹಿಡಿದುಕೊಂಡು. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮನೆಯವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತ್ತು. ಸೂಜಿ ಚುಚ್ಚಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರೋಕೆ ವಾರ ಆಗುತ್ತದೆ ಅಂದರು. ಆ ರಾತ್ರಿ ಓದೋಣ ಅಂತ ಅವ್ವನ ಪುಸ್ತಕ ತೆಗೆದರೆ ಬೆನ್ನು ಬಿಟ್ಟು, ಕೀರ್ತನೆಗಳ (ಅದರಲ್ಲಿರುವ ಪ್ರಾರ್ಥನೆಯ ಹಾಡುಗಳು) ಒಂದು ಕಟ್ಟು ನನ್ನ ಮಡಿಲಿಗೇ ಬಿತ್ತು. ಅಳು ಬಂದಿದ್ದು ಗಂಟಿಗೋ ಪುಸ್ತಕಕ್ಕೋ ಗೊತ್ತಿಲ್ಲ.

ಹೊಸದು ತಗೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಫೋನಿನಲ್ಲೂ ಇದೆ. ಆದರೆ ಇದರ ಅಂಚಿನಲ್ಲಿ ಅವ್ವ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಹೆಮ್ಮೆ ಇನ್ನೂ ಬಾಯಲ್ಲಿತ್ತು, ಮಿಲ್ಲುಗಳು ಮಾತ್ರ ಒಂದೊಂದಾಗಿ ಬಾಗಿಲು ಹಾಕಿದವು. 46ನೇ ಕೀರ್ತನೆಯ ಪಕ್ಕ ಅವ್ವ ಬರೆದದ್ದು ಇಷ್ಟೇ: 'ಮಿಲ್ ಬಂದ್. ಅಕ್ಕಿ 2 ಸೇರು.' ಅವಳ ತವರು ಚಿತ್ರದುರ್ಗ. ಆ ಕೀರ್ತನೆಯ ಮೊದಲ ಸಾಲಿನಲ್ಲಿ ದೇವರನ್ನು 'ಆಶ್ರಯದುರ್ಗ' ಅಂದಿದೆ. ಅದನ್ನು ಓದುವಾಗೆಲ್ಲ ಅವ್ವನಿಗೆ ಏಳುಸುತ್ತಿನ ಕೋಟೆಯ ಕಲ್ಲುಗೋಡೆ ಕಣ್ಣಮುಂದೆ ಬರುತ್ತಿತ್ತಂತೆ. ಇಂಥದ್ದು ಫೋನಿನಲ್ಲಿ ಸಿಗುತ್ತಾ?

ಮೊದಲು ಬೇರೊಂದು ಅಂಗಡಿಗೆ ಹೋಗಿದ್ದೆ. ಅವರು ನೋಡಿದ ಕೂಡಲೇ, ಪಕ್ಕದಲ್ಲಿ ಮೂರು ತೂತು ಹೊಡೆದು ಹೊಲಿದು, ಮೂರು ಕಡೆ ಕಟಿಂಗ್ ಕೊಟ್ಟರೆ ಹೊಸದರ ಹಾಗೆ ಆಗುತ್ತೆ ಅಂದರು. ಕಟಿಂಗ್ ಅಂದರೆ ಅಂಚು ಕತ್ತರಿಸೋದು. ಅವ್ವನ ಅಕ್ಷರವೆಲ್ಲ ಕಸದ ಬುಟ್ಟಿಗೆ! ಸುಮ್ನೆ ಎದ್ದು ಬಂದೆ.

ಸಾಹೇಬರು ಹಾಗೆ ಮಾಡಲಿಲ್ಲ. ಕನ್ನಡಕ ಏರಿಸಿಕೊಂಡು ಮೊದಲು ಅಂಚುಗಳನ್ನೇ ನೋಡಿದರು. "ಇಲ್ಲಿ ಯಾರದೋ ಬರಹ ಇದೆಯಲ್ಲಮ್ಮಾ, ಮಷೀನಿಗೆ ಕೊಡೋದು ಬೇಡ" ಅಂದರು. ನಾನು ಹೇಳುವ ಮೊದಲೇ. ಆಮೇಲೆ ಬೆನ್ನಿನ ಹಳೇ ಗೋಂದು ಕೆರೆದು, ಫಾರಂ ಫಾರಂ ಬಿಡಿಸಿದರು. ಫಾರಂ ಅಂದರೆ ಒಟ್ಟಿಗೆ ಮಡಿಸಿದ ಹಾಳೆಗಳ ಒಂದು ಕಟ್ಟು. ಇಷ್ಟು ತೆಳು ಕಾಗದವನ್ನು ಎಳೆಯಬಾರದಂತೆ, ಬೆರಳಿಗೆ ತಾನಾಗಿಯೇ ಬರಬೇಕಂತೆ.

ಕನ್ನಡದಲ್ಲಿ ಇದು ಯಾವ ಕಾಲದಿಂದ ಇದೆ ಅಂತ ಕೇಳಿದರು. ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಸಭೆಯಲ್ಲಿ ಹೇಳಿದ್ದನ್ನೇ ಹೇಳಿದೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕೂತು ಅನುವಾದ ಮಾಡಿದ್ದು, 1831ರ ಹೊತ್ತಿಗೆ ಪೂರ್ತಿ ಅಚ್ಚಾಗಿದ್ದು. "ಬಳ್ಳಾರೀನಾ? ನಮ್ಮ ಬೀಗರ ಊರು" ಅಂದು ಮತ್ತೆ ಕೆರೆಯೋಕೆ ಶುರುಮಾಡಿದರು.

ನಾಲ್ಕು ದಿನ ಬೇಕು ಅಂದಾಗ ನನ್ನ ಮುಖ ಸಣ್ಣಗಾಯಿತೇನೋ. ಉದುರಿದ್ದ ಕೀರ್ತನೆಗಳ ಫಾರಂ ತೆಗೆದು, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಕೊಟ್ಟರು. "ಇದನ್ನ ಕೊನೇಗೆ ಹೊಲಿತೀನಿ. ಅಲ್ಲೀ ತನಕ ಮನೇಲಿಟ್ಟುಕೊಂಡು ಓದಮ್ಮಾ."

ಹೀಗೆ ಆ ದಿನಗಳಲ್ಲಿ ನನ್ನ ಬಳಿ ಇದ್ದದ್ದು ಬರೀ 32 ಪುಟ. 39ನೇ ಕೀರ್ತನೆಯ ನಡುವಿನಿಂದ ಶುರು, 88ಕ್ಕೆ ಮುಕ್ತಾಯ. ಮುಂಚೆ ನನಗೆ 23, 91, 121 ಇಷ್ಟೇ ಓದಿ ಅಭ್ಯಾಸ. ಸಮಾಧಾನದ್ದನ್ನು ಮಾತ್ರ ಆರಿಸಿಕೊಳ್ಳೋದು, ಅಲ್ವಾ? ಅವು ಯಾವುದೂ ಈ ಕಟ್ಟಿನಲ್ಲಿ ಇರಲಿಲ್ಲ. 42ರಲ್ಲಿ ಎರಡು ಸಲ, 43ರಲ್ಲಿ ಒಂದು ಸಲ, ಕೀರ್ತನೆ ಬರೆದವನು ತನ್ನ ಮನಸ್ಸನ್ನೇ ಯಾಕೆ ಕುಗ್ಗಿದ್ದೀಯ ಅಂತ ಕೇಳಿಕೊಳ್ಳುತ್ತಾನೆ. ಒಂದು ಸಲ ಕೇಳಿದ್ದಕ್ಕೆ ಮನಸ್ಸು ಏಳಲಿಲ್ಲ ಅಂತ ತಾನೇ ಮತ್ತೆ ಕೇಳೋದು? 56ರಲ್ಲಿ ಕಣ್ಣೀರನ್ನು ದೇವರು ಬುದ್ದಲಿಯಲ್ಲಿ ತುಂಬಿಡುವ ಮಾತಿದೆ. ಬುದ್ದಲಿ ಅಂದರೆ ಏನು ಅಂತ ಮಗ ಕೇಳಿದ. ತೊಗಲಿನ ಸೀಸೆ ಅಂದೆ. "ತುಂಬಿದರೆ?" ಅಂದ. ಉತ್ತರ ಹೊಳೆಯಲಿಲ್ಲ, ಹೋಂವರ್ಕ್ ಮಾಡು ಅಂದೆ.

88 ಮಾತ್ರ ನನ್ನನ್ನು ಹೆದರಿಸಿತು. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಹೇಗೋ ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ನಿಂತುಬಿಡುತ್ತದೆ. ಪುಟದ ತಳವೂ ಅದೇ. ಅದರ ಪಕ್ಕ ಅವ್ವ ಒಂದು ತಾರೀಕು ಹಾಕಿ, 'ರೇಷನ್ ಬರಲಿಲ್ಲ' ಅಂತ ಬರೆದಿದ್ದಳು. ಆಮೆನ್ ಇಲ್ಲ, ಏನಿಲ್ಲ. ಅವ್ವನನ್ನು ನಾನು ಗಟ್ಟಿ ವಿಶ್ವಾಸಿ ಅಂದುಕೊಂಡಿದ್ದೆ. ಅವಳೂ ಈ ಪುಟದಲ್ಲಿ ಕೂತಿದ್ದಳು ಅಂತ ಗೊತ್ತಾದದ್ದು ಆಗಲೇ. ನನಗೆ ಯಾರ ಪ್ರಸಂಗಕ್ಕಿಂತಲೂ ಅದು ಹೆಚ್ಚು ಕೆಲಸ ಮಾಡಿತು. ಅಲ್ಲೀ ತನಕ ಪ್ರಾರ್ಥನೆಯಲ್ಲಿ 'ಎಲ್ಲ ಒಳ್ಳೇದಾಗುತ್ತೆ ಕರ್ತನೇ' ಅಂತ ಬಾಯಿಪಾಠ ಒಪ್ಪಿಸುತ್ತಿದ್ದೆ. ಆ ರಾತ್ರಿ ಭಯ ಆಗ್ತಿದೆ ಅಂತಷ್ಟೇ ಹೇಳಿದೆ. ನಿದ್ದೆ ಬಂತು.

ನಾಲ್ಕು ದಿನ ಹೋಗಿ ಒಂಬತ್ತು ದಿನವಾಯಿತು. ಕಡಿಮೆ ಮಾಡಿದ ಆ ಒಂದು ಅಂಕಕ್ಕೆ ಇದೂ ಒಂದು ಕಾರಣ. ಫೋನ್ ಮಾಡಿದರೆ ಎತ್ತೋದಿಲ್ಲ, ಎರಡು ಸಲ ಸುಮ್ನೆ ಅಲೆದೆ. ರಿಪೋರ್ಟೇ ಮೊದಲು ಬಂತು. ಗಂಟು ಕೆಟ್ಟದ್ದೇ, ಆದರೆ ಬೇಗ ಸಿಕ್ಕಿದೆ ಅಂದರು.

ಫಾರಂ ವಾಪಸ್ ಕೊಡೋಕೆ ಹೋದಾಗ ಹೊಲಿಗೆ ನೋಡುತ್ತಾ ಕೂತೆ. ನಾನು ಬ್ಲೌಸ್ ಹೊಲಿದು ಬದುಕುವವಳು, ಹೊಲಿಗೆ ವಿಷಯದಲ್ಲಿ ಸುಲಭಕ್ಕೆ ಯಾರನ್ನೂ ಹೊಗಳೋದಿಲ್ಲ. ದಾರಕ್ಕೆ ಮೇಣ ಉಜ್ಜಿ, ಪ್ರತಿ ಫಾರಂನ ಮಡಿಕೆಯ ಒಳಗಿಂದ ಸೂಜಿ ಹಾಯಿಸಿ, ಹಿಂದಿನ ಫಾರಂನ ದಾರಕ್ಕೆ ಸಿಕ್ಕಿಸಿ ಬಿಗಿದರು. ಒಂದು ಹೊಲಿಗೆಯೂ ಸಡಿಲ ಇಲ್ಲ. ಮೈದಾ ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಹುಳ ಹಿಡಿಯೋದಿಲ್ಲ. ಈಗ ಪುಸ್ತಕ ಎಲ್ಲಿ ತೆರೆದರೂ ಅಂಗೈ ಹಾಗೆ ಅಗಲವಾಗಿ ಬಿದ್ದುಕೊಳ್ಳುತ್ತದೆ. ಹರಿದ ಹಾಳೆಗಳಿಗೆ ತೆಳು ಟಿಶ್ಯೂ ಅಂಟಿಸಿದ್ದಾರೆ, ಅದರಡಿಯ ಅಕ್ಷರ ಸ್ವಲ್ಪ ಮಂಕು, ಓದಬಹುದು.

ಕಪ್ಪು ರೆಕ್ಸಿನ್ ಕೇಳಿದ್ದೆ, ಕಂದು ಹಾಕಿದ್ದಾರೆ. ಮೇಲಿನ ಚಿನ್ನದ ಅಕ್ಷರ ಹೊರಗೆ ಹಾಕಿಸಿದ್ದಂತೆ, 'ಸತ್ಯವೇದ' ಬಲಕ್ಕೆ ವಾಲಿದೆ. ಒಟ್ಟು 450 ರೂಪಾಯಿ. ಚೌಕಾಸಿ ಮಾಡಲಿಲ್ಲ.

ರೇಡಿಯೇಷನ್‌ಗೆ ಬೆಂಗಳೂರಿಗೆ ಓಡಾಡುತ್ತಿದ್ದೇವೆ. ರೈಲಿನಲ್ಲಿ ಪುಸ್ತಕ ತೊಡೆ ಮೇಲೆ ತಾನಾಗಿಯೇ ತೆರೆದು ನಿಲ್ಲುತ್ತದೆ, ಒಂದು ಕೈ ಅವರ ನೀರಿನ ಬಾಟಲಿಗೆ ಖಾಲಿ ಇರುತ್ತದೆ. 88 ಮುಗಿದ ಕೂಡಲೇ ಎದುರು ಪುಟದಲ್ಲಿ 89 ಇದೆ, ಹಾಡುತ್ತೇನೆ ಅಂತಲೇ ಶುರು. ಆ ಪುಟ ಒಂಬತ್ತು ದಿನವೂ ಸಾಹೇಬರ ಅಂಗಡಿಯಲ್ಲಿ ಭಾರದ ಕಲ್ಲಿನ ಕೆಳಗಿತ್ತು.

ಹೋಗುವವರಿಗೆ: ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ. ಹೇಳಿದ ದಿನಕ್ಕೆ ಐದು ದಿನ ಸೇರಿಸಿಕೊಳ್ಳಿ. ಚಿನ್ನದ ಅಕ್ಷರ ಬೇಡ ಅನ್ನಿ.