ಧಾರವಾಡದ ‘ಮರುಭೂಮಿ ಸನ್ಯಾಸಿಗಳು’ ಓದು-ತರಗತಿ: ಐದಕ್ಕೆ ಮೂರು

ಸಪ್ತಾಪುರದ ಈ ನಾಲ್ಕು ಶನಿವಾರಗಳ ತರಗತಿಯಲ್ಲಿ ಓದುವುದು 4ನೇ ಶತಮಾನದ ಈಜಿಪ್ಟಿನ ಕ್ರೈಸ್ತ ಸನ್ಯಾಸಿಗಳ ಉಪದೇಶ. ಮೊದಲ ವಾರ ಅಂತೋನಿ, ಪಕೋಮಿಯ ಅಂತ ಹೆಸರು-ಇಸವಿಗಳಲ್ಲೇ ಮುಗಿಯುತ್ತದೆ, ತಪ್ಪಿದರೂ ನಷ್ಟವಿಲ್ಲ.

ಎರಡನೇ ವಾರ, ಕ್ರಿ.ಶ. 399ರಲ್ಲಿ ತೀರಿಕೊಂಡ ಎವಾಗ್ರಿಯ ಎಂಬ ಸನ್ಯಾಸಿ ಎಣಿಸಿದ ಎಂಟು ಕೆಟ್ಟ ಯೋಚನೆಗಳು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಅಕೇದಿಯ (ಒಂದು ಬಗೆಯ ಬೇಸರ), ಹೊಗಳಿಕೆಯ ಹಂಬಲ, ಅಹಂಕಾರ. ತರಗತಿ ಎಡವುವುದು ಇಲ್ಲೇ. ಕೇಳುವವರಿಗೆ ಸುಲಭವಾಗಲೆಂದು ಇವನ್ನು ಅರಿಷಡ್ವರ್ಗಕ್ಕೆ ಹೊಂದಿಸಿಬಿಡುತ್ತಾರೆ. ಕಾಮ, ಕ್ರೋಧ, ಲೋಭ, ಮದ ಕೂಡಿಬರುತ್ತವೆ, ಸರಿ. ಆದರೆ ಮೋಹ, ಮತ್ಸರ ಆ ಎಂಟರಲ್ಲಿಲ್ಲ; ದುಃಖ, ಅಕೇದಿಯ ನಮ್ಮ ಆರರಲ್ಲಿಲ್ಲ. ಕೈಗೆ ಕೊಡುವ ಝೆರಾಕ್ಸಿನಲ್ಲಿ ಅಕೇದಿಯಕ್ಕೆ ‘ಸೋಮಾರಿತನ’ ಎಂದಿದೆ. ತಪ್ಪು. ಅದು ಬೆಳಗಿನ 10ರಿಂದ ಮಧ್ಯಾಹ್ನ 2ರೊಳಗೆ ಅಮರಿಕೊಳ್ಳುವ ಬೇಸರ. ಹೊತ್ತು ಸರಿಯುವುದೇ ಇಲ್ಲ. ಊಟದ ಮೂರು ಗಂಟೆಗೆ ಇನ್ನೆಷ್ಟು ಉಳಿಯಿತೆಂದು ಮತ್ತೆ ಮತ್ತೆ ಹೊರಗೆ ಇಣುಕಿ ಸೂರ್ಯನನ್ನು ನೋಡುವುದು. ಕಾಯಿಲೆಯವರನ್ನು ಕಂಡುಬರುವ ಪುಣ್ಯದ ನೆಪದಲ್ಲೂ ಅದು ಕೋಣೆಯಿಂದ ಎಬ್ಬಿಸುತ್ತದೆ ಎನ್ನುತ್ತಾನೆ ಈ ಸನ್ಯಾಸಿಗಳ ಮಾತುಗಳನ್ನು ಬರೆದಿಟ್ಟ ಕಾಸಿಯನ್. ಹೀಗೆ ಊರೆಲ್ಲ ಓಡಾಡುವವನನ್ನು ಸೋಮಾರಿ ಅನ್ನಲಾದೀತೇ? ಮದ್ದು ಎರಡೇ: ಕೋಣೆ ಬಿಟ್ಟೇಳಬಾರದು, ಕೈಗೆ ಕೆಲಸವಿರಬೇಕು.

ಆ ಕೆಲಸವನ್ನು ಮೂರನೇ ವಾರ ಮಾಡಿಸಿಯೇ ತೋರಿಸುತ್ತಾರೆ. ಹೋಗುವುದಿದ್ದರೆ ಅದಕ್ಕಾಗಿ ಹೋಗಬೇಕು. ಈಚಲ ಗರಿ ನೀರಲ್ಲಿ ನೆನೆಹಾಕಿ ಹಗ್ಗ ಹೆಣೆಯುವುದು (ಒಣಗರಿ ಹಿಡಿದರೆ ಮಡಿಕೆಯಲ್ಲೇ ಸೀಳುತ್ತದೆ), ನಡುವೆ ಎದ್ದು ಪ್ರಾರ್ಥನೆ, ಮತ್ತೆ ಕೂತು ಹೆಣಿಕೆ. ಅಂತೋನಿಗೆ ದರ್ಶನದಲ್ಲಿ ಕಂಡದ್ದು ಇದೇ ಕ್ರಮ.

ಕೊನೆಯ ವಾರ ಉಪವಾಸ. ಆ ಸನ್ಯಾಸಿಗಳಲ್ಲಿ ಒಬ್ಬರಿಗೆ ದಿನಕ್ಕೆ ಎರಡು ಒಣರೊಟ್ಟಿ, ಎರಡೂ ಸೇರಿ ಒಂದು ರೋಮನ್ ಪೌಂಡಿನೊಳಗೆ, ಅಂದರೆ ಸುಮಾರು 325 ಗ್ರಾಂ. ನಮ್ಮ ಖಡಕ್ ರೊಟ್ಟಿಯ ಹಾಗೆ ದಿನಗಟ್ಟಲೆ ಇಡಬಹುದಾದದ್ದು. ಅಳತೆ ಸರಿಯಾಗಿಯೇ ಹೇಳಿದರು. ಆದರೆ ಹೆಚ್ಚು ಹೊತ್ತು ಹಸಿದವನೇ ದೊಡ್ಡವನು ಎಂಬ ಧಾಟಿ ಹಿಡಿದರು. ಕಾಸಿಯನ್ ದಾಖಲಿಸಿದ ಅಬ್ಬಾ (ಅಂದರೆ ತಂದೆ) ಮೋಸೆಯ ಮಾತು ಇದಕ್ಕೆ ತದ್ವಿರುದ್ಧ: ದಿನವೂ ಒಂದೇ ಅಳತೆ, ಒಂದೇ ಹೊತ್ತು. ಬೆನ್ಯಮಿನ ಎಂಬವನು ದಿನಕ್ಕೆರಡು ತಿನ್ನದೆ ಕೂಡಿಟ್ಟು, ಆಮೇಲೆ ನಾಲ್ಕನ್ನೂ ಒಟ್ಟಿಗೆ ಹೊಟ್ಟೆಗಿಳಿಸುತ್ತಿದ್ದ. ಕೊನೆಗೆ ಸನ್ಯಾಸವನ್ನೇ ಬಿಟ್ಟ. ಸೋಮವಾರದ ಉಪವಾಸಕ್ಕೆ ತಾಟು ತುಂಬ ಸಾಬೂದಾಣಿ ಖಿಚಡಿ ಬಡಿಸಿಕೊಳ್ಳುವ ಊರಲ್ಲಿ ಮೊದಲು ಹೇಳಬೇಕಿದ್ದ ಪ್ರಸಂಗ ಅದು. ತರಗತಿಯಲ್ಲಿ ಬರಲೇ ಇಲ್ಲ.